ಪುಟ್ಟನ ಡ್ರೆಸ್ ಶರ್ಟ್ ಪ್ರಶ್ನೆಗೆ

ಪುಟ್ಟ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಕೆಲಸಕ್ಕೆ ಸೇರುವ ದಿನ ಡ್ರೆಸ್ ಶರ್ಟ್ ಹಾಕಿಕೊಂಡು ಬರಬೇಕು ಅಂತ ಕಂಪನಿಯವರು ಬರೆದಿದ್ದಾರೆ, ಅದು ಯಾವುದು ಅಂತ ಕೇಳಿದ್ದೀಯ. ಭಾವ ಫುಲ್ ತೋಳಿನದು ಯಾವುದಾದರೂ ಆಗುತ್ತೆ ಅಂದಿದ್ದಾರೆ. ಭಾವ, ಬೇಜಾರು ಮಾಡ್ಕೋಬೇಡಿ, ಅಷ್ಟೇ ಸಾಲದು. ಇಲ್ಲಿ ಹಾಸನದ ಗಾರ್ಮೆಂಟ್ಸ್‌ನಲ್ಲಿ ನಾನು ದಿನವೆಲ್ಲಾ ನೋಡುವುದು ಕಾಲರ್‌ಗಳನ್ನೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿನ್ನದು ಅಮೆರಿಕದ ಕಂಪನಿ ಅಲ್ವಾ? ಅವರು ಡ್ರೆಸ್ ಶರ್ಟ್ ಅಂತ ಕರೆಯುವುದು ನಮ್ಮ ಅಂಗಡಿಯವರು ಕೊಡುವ ಫಾರ್ಮಲ್ ಶರ್ಟನ್ನೇ. ಟೈ ಕಟ್ಟಿ ಮೇಲೆ ಕೋಟು ಹಾಕಿದರೆ ಒಪ್ಪಬೇಕು, ಅಂಥದ್ದು. ಇಂಗ್ಲೆಂಡಿನವರು ಅದೇ ಹೆಸರನ್ನು ರಾತ್ರಿ ಪಾರ್ಟಿಗೆ ಬೋ ಟೈ ಕಟ್ಟಿ ಹಾಕುವ ಬಿಳಿ ಶರ್ಟಿಗೆ ಇಟ್ಟಿದ್ದಾರೆ. ಅದು ನಿನಗೆ ಬೇಡ.

ಮೊದಲು ಕಾಲರ್ ನೋಡು. ಕಾಲರ್‌ನಲ್ಲಿ ಎರಡು ಭಾಗ. ಕುತ್ತಿಗೆ ಸುತ್ತ ನಿಲ್ಲುವ ಪಟ್ಟಿ ಒಂದು, ಅದರ ಮೇಲಿಂದ ಮಡಚಿ ಬೀಳುವ ಎಲೆ ಇನ್ನೊಂದು. ಎರಡರ ಒಳಗೂ ಗಟ್ಟಿ ಬಟ್ಟೆ ಇಟ್ಟು, ಬಿಸಿ ಒತ್ತಿ ಅಂಟಿಸುತ್ತೇವೆ. ಅದಕ್ಕೆ ಫ್ಯೂಸಿಂಗ್ ಅನ್ನುತ್ತೇವೆ. ಅದು ಸರಿಯಾಗಿ ಕೂತಿಲ್ಲ ಅಂದರೆ ಎರಡು ಸಲ ಒಗೆಯುವಷ್ಟರಲ್ಲಿ ಗುಳ್ಳೆ ಏಳುತ್ತದೆ, ಎಷ್ಟು ಇಸ್ತ್ರಿ ಮಾಡಿದರೂ ಹೋಗುವುದಿಲ್ಲ. ಕೆಳಗಿನ ಪಟ್ಟಿ ಇಲ್ಲದ ಕಾಲರ್ ಬಾಡಿದ ವೀಳ್ಯದೆಲೆ ಥರ ಮಲಗಿಬಿಡುತ್ತದೆ. ಟೈ ನಿಲ್ಲುವುದೇ ಇಲ್ಲ. ಅಂಗಡಿಯಲ್ಲಿ ಕಾಲರ್‌ನ ಎರಡೂ ತುದಿ ಜೋಡಿಸಿ ನೋಡು, ಒಂದೇ ಉದ್ದ ಇರಬೇಕು. ನಾವು ಪೀಸ್ ಪಾಸ್ ಮಾಡುವ ಮೊದಲು ನೋಡುವುದು ಅದನ್ನೇ. ಎಲೆಯ ಹಿಂಭಾಗದಲ್ಲಿ ಪ್ಲಾಸ್ಟಿಕ್ ಕಡ್ಡಿ ತೂರಿಸಲು ಜಾಗ ಬಿಟ್ಟಿದ್ದರೆ ಇನ್ನೂ ಒಳ್ಳೆಯದು, ತುದಿ ಮೇಲಕ್ಕೆ ಏಳುವುದಿಲ್ಲ. ತುದಿಗೆ ಗುಂಡಿ ಇರುವ ಕಾಲರ್ ಬೇರೆ. ಅದು ಇಂಗ್ಲೆಂಡಿನಲ್ಲಿ ಪೋಲೋ ಆಡುವವರಿಂದ ಬಂದದ್ದು. ಕುದುರೆ ಓಡಿಸುವಾಗ ಕಾಲರ್ ಹಾರಾಡಬಾರದು ಅಂತ ಗುಂಡಿ ಹಾಕಿಕೊಳ್ಳುತ್ತಿದ್ದರು. ಆಫೀಸಿಗೆ ನಡೆಯುತ್ತದೆ, ಆದರೆ ಮೊದಲ ದಿನಕ್ಕೆ ಬೇಡ.

ಇನ್ನು ಸೈಜು. ಇಲ್ಲೇ ಜಾಸ್ತಿ ಜನ ಎಡವುವುದು. ಫಾರ್ಮಲ್ ಶರ್ಟಿನ ಮೇಲೆ 39, 40, 42 ಅಂತ ಇರುತ್ತದಲ್ಲ, ಅದು ಎದೆಯ ಇಂಚಲ್ಲ. ಕಾಲರ್‌ನ ಸುತ್ತಳತೆ, ಸೆಂಟಿಮೀಟರಿನಲ್ಲಿ. 39 ಅಂದರೆ ಹತ್ತಿರ ಹತ್ತಿರ ಹದಿನೈದೂವರೆ ಇಂಚು. ಎದೆ 40 ಇಂಚು ಅಂತ 40ರ ಶರ್ಟ್ ತಂದರೆ ಕುತ್ತಿಗೆಗೆ ಸರಿಹೋದರೆ ಅದೃಷ್ಟ, ಅಷ್ಟೇ. ಎಸ್, ಎಂ, ಎಲ್ ಅಂತ ಬರುವ ಶರ್ಟಿನಲ್ಲಿ ಈ ಲೆಕ್ಕವೇ ಇರುವುದಿಲ್ಲ. ಗಂಟಲ ಗಂಟಿನ ಕೆಳಗೆ ಟೇಪು ಸುತ್ತು, ಒಳಗೆ ಒಂದು ಬೆರಳು ಆಡುವಷ್ಟು ಸಡಿಲ ಬಿಡು. ಮೇಲಿನ ಗುಂಡಿ ಹಾಕಿದಾಗ ಉಸಿರು ಕಟ್ಟಬಾರದು, ಜೋತೂ ಬೀಳಬಾರದು.

ಭಾವ ಹೇಳಿದ ಫುಲ್ ತೋಳು ಬೇಕೇ ಬೇಕು, ಅದರ ತುದಿಗೆ ಗಟ್ಟಿ ಕಫ್, ಅಂದರೆ ಗುಂಡಿ ಹಾಕುವ ಪಟ್ಟಿ, ಇರಬೇಕು. ಕೈ ಇಳಿಬಿಟ್ಟಾಗ ಕಫ್ ಮಣಿಕಟ್ಟು ಮುಚ್ಚಬೇಕು. ನಮ್ಮೂರಿನ ಸೆಕೆಗೆ ಹಾಫ್ ತೋಳು ಹಿತವೇ, ಎಷ್ಟೋ ಮೇಷ್ಟ್ರುಗಳು ಅದರಲ್ಲೇ ಲಕ್ಷಣವಾಗಿ ಕಾಣುತ್ತಾರೆ. ಆದರೆ ಕಂಪನಿಯವರ ಲೆಕ್ಕಕ್ಕೆ ಅದು ಬರುವುದಿಲ್ಲ. ಶರ್ಟಿನ ಕೆಳಗಡೆ ಉದ್ದವಾಗಿ, ಬಾಗಿದ ಹಾಗೆ ಕತ್ತರಿಸಿರಬೇಕು. ಇನ್‌ಶರ್ಟ್ ಮಾಡಿ ಕೂತು ಎದ್ದರೂ ಹೊರಗೆ ಬರಬಾರದು.

ಬಟ್ಟೆ ಒತ್ತಾಗಿ ನೇಯ್ದ ಪಾಪ್ಲಿನ್ ಅಥವಾ ಸಣ್ಣ ಓರೆ ಗೆರೆ ಕಾಣುವ ಟ್ವಿಲ್, ನುಣುಪಾಗಿರಲಿ. ಬಿಳಿ ಇಲ್ಲಾ ತಿಳಿನೀಲಿ. ದೊಡ್ಡ ಚೆಕ್ಸು, ಡೆನಿಮ್, ಮುಚ್ಚಳದ ಎರಡು ಜೇಬು ಇರುವುದನ್ನೆಲ್ಲಾ ತಿರುಗಿಯೂ ನೋಡಬೇಡ. ಎಡಗಡೆ ಒಂದು ಜೇಬು ಇದ್ದರೆ ತೊಂದರೆ ಇಲ್ಲ.

ದುಡ್ಡು ಜಾಸ್ತಿ ಕೊಟ್ಟು ದೊಡ್ಡ ಹೆಸರಿನದ್ದೇ ತರಬೇಕು ಅಂತಿಲ್ಲ ಪುಟ್ಟ. ಅಳತೆ ಕೊಟ್ಟು ಹೊಲಿಸಿದರೂ ಚೆನ್ನಾಗಿರುತ್ತದೆ, ಕಾಲರ್‌ಗೆ ಒಳ್ಳೆ ಫ್ಯೂಸಿಂಗ್ ಹಾಕಿ ಅಂತ ಮಾತ್ರ ಟೈಲರ್‌ಗೆ ಒತ್ತಿ ಹೇಳು. ಇವತ್ತೇ ಅಮ್ಮನ ಹತ್ತಿರ ಟೇಪು ಹಿಡಿಸಿ ಕುತ್ತಿಗೆ ಅಳತೆ, ತೋಳಿನ ಉದ್ದ ಎರಡನ್ನೂ ಇಲ್ಲಿ ಹಾಕು. ಭಾನುವಾರ ನನಗೆ ರಜೆ, ಬಿ.ಎಂ. ರಸ್ತೆಗೆ ಒಟ್ಟಿಗೆ ಹೋಗೋಣ.