ಹೈಸ್ಕೂಲಿನಲ್ಲಿ ಜೀವನ ಕೌಶಲ ಕಾರ್ಯಕ್ರಮ: 10 ಶಾಲೆ ಇಟ್ಟುಕೊಂಡು ಫಲ ಅಳೆಯುವುದು ಹೇಗೆ?

ಹಸಿರುಹಲಗೆ:

ನಮಸ್ಕಾರ. ಕೊಪ್ಪಳ ಜಿಲ್ಲೆಯ 10 ಸರ್ಕಾರಿ ಪ್ರೌಢಶಾಲೆಗಳ ಎಂಟನೇ ತರಗತಿಗೆ ಜೀವನ ಕೌಶಲದ ಕಾರ್ಯಕ್ರಮವೊಂದನ್ನು ಯೋಜಿಸುತ್ತಿದ್ದೇವೆ. ಸಿಟ್ಟು, ಬೇಸರ ಗುರುತಿಸಿ ಸಂಭಾಳಿಸುವುದು, ಜಗಳ ಬಗೆಹರಿಸಿಕೊಳ್ಳುವುದು, ಒತ್ತಾಯಕ್ಕೆ ಮಣಿಯದೆ ‘ಬೇಡ’ ಎನ್ನುವುದು, ಬೇಕಾದಾಗ ಸಹಾಯ ಕೇಳುವುದು, ಇಷ್ಟು ವಿಷಯ. ವಾರಕ್ಕೊಂದು 40 ನಿಮಿಷದ ಪೀರಿಯಡ್, ಆಯಾ ಶಾಲೆಯ ಶಿಕ್ಷಕರೇ ನಡೆಸುವುದು. ಶಾಲೆಗೆ ಸುಮಾರು 80 ಮಕ್ಕಳು. ಹೆಡ್‌ಮಾಸ್ಟರು ಆಸಕ್ತಿಯಿಂದ ಮುಂದೆ ಬಂದ 5 ಶಾಲೆಗಳಲ್ಲಿ ನಡೆಸಿ, ಉಳಿದ 5ನ್ನು ಹೋಲಿಕೆಗೆ ಇಟ್ಟುಕೊಂಡು, ವರ್ಷದ ಮೊದಲಿಗೆ ಮತ್ತು ಕೊನೆಗೆ ಮಕ್ಕಳಿಂದ ಪ್ರಶ್ನಾವಳಿ ತುಂಬಿಸುವ ಆಲೋಚನೆ.

ಇಂಥ ಕಾರ್ಯಕ್ರಮ ಫಲ ಕೊಡುತ್ತದೆ ಎಂಬುದಕ್ಕೆ ಸಂಶೋಧನೆಯ ಆಧಾರ ಎಷ್ಟು ಗಟ್ಟಿ? ಶಿಕ್ಷಕರು ನಡೆಸಬೇಕೋ, ಹೊರಗಿನವರೋ? 800 ಮಕ್ಕಳ ಸಂಖ್ಯೆ ಸಾಕೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ತುಂಗಭದ್ರೆ:

ಆಧಾರ ಇದೆ. ಆದರೆ ‘ಕಾರ್ಯಕ್ರಮ ಇದ್ದರೆ ಸಾಕು’ ಎನ್ನುವಷ್ಟು ಇಲ್ಲ.

ಎಲ್ಲರೂ ಎತ್ತಿ ಹೇಳುವುದು ಸಂಶೋಧಕ ಡರ್ಲಾಕ್ ಮತ್ತು ಸಂಗಡಿಗರ 2011ರ ಒಟ್ಟು ವಿಶ್ಲೇಷಣೆಯನ್ನು (ಹಲವು ಅಧ್ಯಯನಗಳ ಫಲಿತಾಂಶ ಸೇರಿಸಿ ಮಾಡುವ ಲೆಕ್ಕ). 213 ಕಾರ್ಯಕ್ರಮ, 2,70,034 ಮಕ್ಕಳು. ಓದಿನ ಸಾಧನೆಯಲ್ಲಿ 11 ಪರ್ಸೆಂಟೈಲ್ ಏರಿಕೆ (ನೂರು ಮಕ್ಕಳ ಸಾಲಿನ ನಡುವಿನ ಮಗು 11 ಸ್ಥಾನ ಮೇಲೇರಿದಂತೆ) ಎಂಬ ಅಂಕಿ ಅಲ್ಲಿಂದಲೇ ಬಂದದ್ದು. ಅದನ್ನು ಬಳಸುವಾಗ ಒಂದು ಮಾತು ಸೇರಿಸಿ ಹೇಳಬೇಕು: ಓದಿನ ಫಲವನ್ನು ಅಳೆದದ್ದು ಆ 213ರಲ್ಲಿ ಸಣ್ಣ ಪಾಲು ಅಧ್ಯಯನಗಳು ಮಾತ್ರ, ಮುಗಿದು ಆರು ತಿಂಗಳಾದ ಮೇಲೆ ಮತ್ತೆ ಅಳೆದವೂ ಸುಮಾರು 15 ಶೇಕಡಾ ಅಷ್ಟೇ. ಬಹುಪಾಲು ಅಧ್ಯಯನಗಳು ಅಮೆರಿಕದವು. ಅದರಿಂದ ನಿಮಗೆ ನಿಜವಾಗಿ ಬೇಕಾದದ್ದು ಬೇರೆ. ಪಾಠಗಳು ಒಂದರ ಮೇಲೊಂದು ಕಟ್ಟಿಕೊಂಡು ಹೋಗುವಂತಿದ್ದು, ಮಕ್ಕಳು ಮಾಡಿ ಕಲಿಯುವಂತಿದ್ದು, ಅದಕ್ಕೆಂದೇ ಸಮಯ ಮೀಸಲಾಗಿದ್ದು, ಯಾವ ಕೌಶಲ ಎಂಬುದು ಸ್ಪಷ್ಟವಾಗಿದ್ದರೆ ಫಲ ಎಲ್ಲ ಅಳತೆಗಳಲ್ಲೂ ಕಂಡಿದೆ. ಈ ನಾಲ್ಕೂ ಇಲ್ಲದ ಕಡೆ ಫಲ ತೆಳು. ನಡೆಸುವಾಗ ತೊಡಕಾದ ಕಡೆಯೂ ಹಾಗೆಯೇ.

ಇನ್ನೊಂದು ಬದಿ ನೋಡಿ. ಬ್ರಿಟನ್ನಿನ ‘ಮಿರಿಯಡ್’ ಪ್ರಯೋಗದಲ್ಲಿ (2022) 84 ಶಾಲೆ, 8,376 ಮಕ್ಕಳು. ತರಬೇತಾದ ಶಿಕ್ಷಕರಿಂದ 10 ಪಾಠಗಳ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸ). ಶಾಲೆಯಲ್ಲಿ ಎಂದಿನಂತೆ ನಡೆಯುತ್ತಿದ್ದ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ನೇರವಾಗಿ ತಾಗುವುದು ಬಿಹಾರದ ‘ಸೆಹರ್’ ಪ್ರಯೋಗ. ನಳಂದ ಜಿಲ್ಲೆಯ 74 ಪ್ರೌಢಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದರಲ್ಲಿ ‘ಸೆಹರ್ ಮಿತ್ರ’ ಎಂಬ ತರಬೇತಾದ ಸ್ಥಳೀಯ ವ್ಯಕ್ತಿ ನಡೆಸಿದರು, ಒಂದರಲ್ಲಿ ಅದೇ ಕಾರ್ಯಕ್ರಮವನ್ನು ಶಿಕ್ಷಕರು ನಡೆಸಿದರು, ಮೂರನೆಯದರಲ್ಲಿ ಹಿಂದಿನಿಂದ ಇದ್ದ ಹದಿಹರೆಯದ ಶಿಕ್ಷಣ ಮಾತ್ರ. ಮಿತ್ರ ಇದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಸ್ಪಷ್ಟವಾಗಿ ಸುಧಾರಿಸಿತು, ಖಿನ್ನತೆಯ ಲಕ್ಷಣ, ಪೀಡನೆ, ಹಿಂಸೆ ಇಳಿದವು. ಶಿಕ್ಷಕರು ನಡೆಸಿದ ಕಡೆ ಮೂರನೇ ಗುಂಪಿಗಿಂತ ಏನೂ ಹೆಚ್ಚಲಿಲ್ಲ. ಎರಡನೇ ಶೈಕ್ಷಣಿಕ ವರ್ಷದಲ್ಲೂ ಈ ಅಂತರ ಉಳಿಯಿತು.

ಹಾಗೆಂದು ಶಿಕ್ಷಕರಿಂದ ಆಗದು ಎಂದುಕೊಳ್ಳಬೇಡಿ. 2011ರ ವಿಶ್ಲೇಷಣೆಯಲ್ಲಿ ಶಿಕ್ಷಕರು ನಡೆಸಿದ ಕಾರ್ಯಕ್ರಮಗಳು ಚೆನ್ನಾಗಿಯೇ ಫಲ ಕೊಟ್ಟಿವೆ. ನಮ್ಮಲ್ಲೇ ನಿಮ್ಹಾನ್ಸ್‌ನ ಜೀವನ ಕೌಶಲ ಮಾದರಿ ಶಿಕ್ಷಕರನ್ನೇ ನಂಬಿದ್ದು. 2010ರಲ್ಲಿ ಪ್ರಕಟವಾದ ಅದರ ಮೌಲ್ಯಮಾಪನದಲ್ಲಿ ಆತ್ಮಗೌರವ, ಹೊಂದಾಣಿಕೆ ಹೆಚ್ಚಿದ್ದು ಕಂಡಿತು, ಮಾನಸಿಕ ತೊಂದರೆಯ ಲಕ್ಷಣಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ನಾನು ಓದಿಕೊಂಡಿರುವುದು ಹೀಗೆ: ಕ್ರಮವಾದ ಪಾಠವನ್ನು ಶಿಕ್ಷಕರು ನಡೆಸಬಲ್ಲರು. ಮಕ್ಕಳು ಮನಸ್ಸು ಬಿಚ್ಚಿ ಮಾತಾಡಬೇಕಾದ ಕೆಲಸ, ದೂರಿನ ಪೆಟ್ಟಿಗೆ, ಆಪ್ತ ಮಾತುಕತೆ, ಇವನ್ನು ಅಂಕ ಕೊಡುವ, ಶಿಸ್ತು ಕಾಯುವ ಕೈಗೇ ಕೊಟ್ಟರೆ ಸಾಗುವುದು ಕಷ್ಟ. ನಿಮ್ಮ ಹಣದಲ್ಲಿ ಎರಡು ಮೂರು ಶಾಲೆಗೆ ಒಬ್ಬರಂತೆ ಹೊರಗಿನ ಸಹಾಯಕರನ್ನು ನೇಮಿಸಲು ಸಾಧ್ಯವಾದರೆ, ಪುಸ್ತಕ ಅಚ್ಚು ಹಾಕಿಸುವುದಕ್ಕಿಂತ ಅದಕ್ಕೆ ಮೊದಲು ಖರ್ಚು ಮಾಡಿ.

ಗುಣಾಕಾರ:

800 ಮಕ್ಕಳು ಅಂದರೆ ದೊಡ್ಡ ಸಂಖ್ಯೆ ಅನಿಸುತ್ತದೆ. ಆದರೆ ಕಾರ್ಯಕ್ರಮ ಹಂಚುವುದು ಶಾಲೆಗೆ, ಮಗುವಿಗಲ್ಲ. ಒಂದೇ ಶಾಲೆಯ ಮಕ್ಕಳ ಉತ್ತರಗಳು ಒಂದನ್ನೊಂದು ಹೋಲುತ್ತವೆ, ಹಾಗಾಗಿ ಪ್ರತಿ ಮಗುವನ್ನೂ ಬೇರೆ ಬೇರೆ ಎಂದು ಎಣಿಸುವ ಹಾಗಿಲ್ಲ. ಸೂತ್ರ ಸರಳ: 1 + (ಶಾಲೆಗೆ ಎಷ್ಟು ಮಕ್ಕಳೋ ಅದರಲ್ಲಿ ಒಂದು ಕಡಿಮೆ × ಶಾಲೆಯೊಳಗಿನ ಸಾಮ್ಯ). ಸಾಮ್ಯ (ಹೋಲಿಕೆಯೇ ಇಲ್ಲದಿದ್ದರೆ 0, ಪೂರ್ತಿ ಒಂದೇ ಆದರೆ 1) 0.05 ಎಂದಿಟ್ಟುಕೊಳ್ಳೋಣ. 1 + 79 × 0.05 = 4.95. ಅಂದರೆ ನಿಮ್ಮ 800 ಮಕ್ಕಳು ಲೆಕ್ಕದಲ್ಲಿ ಸುಮಾರು 162 ಮಕ್ಕಳಿಗೆ ಸಮ. ಇಷ್ಟರಲ್ಲಿ 0.44ರಷ್ಟು (ಎರಡು ಗುಂಪುಗಳ ಅಂತರವನ್ನು ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಅಂಕಗಳ ಸಾಮಾನ್ಯ ಏರಿಳಿತದಿಂದ ಅಳೆದದ್ದು) ದೊಡ್ಡ ಪರಿಣಾಮ ಇದ್ದರೆ ಮಾತ್ರ 80 ಶೇಕಡಾ ಭರವಸೆಯಿಂದ ಹಿಡಿಯಬಹುದು. ನಡವಳಿಕೆ, ಮಾನಸಿಕ ಒತ್ತಡದ ಅಳತೆಗಳಲ್ಲಿ 2011ರ ವಿಶ್ಲೇಷಣೆ ಕಂಡ ಪರಿಣಾಮ 0.22ರಿಂದ 0.24.

0.25ರ ಪರಿಣಾಮ ಹಿಡಿಯಬೇಕಾದರೆ ಶಾಲೆಗೆ 40 ಮಕ್ಕಳಂತೆ ಸುಮಾರು 38 ಶಾಲೆ ಬೇಕು. ಶಾಲೆಗೆ 80 ಮಕ್ಕಳನ್ನು ಅಳೆದರೂ 32 ಶಾಲೆ ಬೇಕೇ ಬೇಕು. ಮಕ್ಕಳ ಸಂಖ್ಯೆ ದುಪ್ಪಟ್ಟಾದರೂ ಉಳಿದದ್ದು ಆರೇ ಶಾಲೆ! ಮೊದಲ ಸುತ್ತಿನ ಅಂಕಗಳನ್ನು ವಿಶ್ಲೇಷಣೆಗೆ ಸೇರಿಸಿದರೆ ಇದು ಇನ್ನಷ್ಟು ಇಳಿಯುತ್ತದೆ, ಆದರೂ ಹತ್ತಕ್ಕೆ ಇಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಚಿಂತೆ ನೀವು ಶಾಲೆ ಆರಿಸಿದ ರೀತಿ. ಹೆಡ್‌ಮಾಸ್ಟರೇ ಉತ್ಸಾಹದಿಂದ ಮುಂದೆ ಬಂದ ಶಾಲೆ ಕಾರ್ಯಕ್ರಮ ಇಲ್ಲದಿದ್ದರೂ ಸುಧಾರಿಸುತ್ತಿತ್ತೇನೋ. ಕೊನೆಗೆ ವ್ಯತ್ಯಾಸ ಕಂಡರೆ ಅದು ಪಾಠದ್ದೋ ಹೆಡ್‌ಮಾಸ್ಟರದೋ ಯಾವ ಲೆಕ್ಕಾಚಾರದಿಂದಲೂ ಬಿಡಿಸಲಾಗದು. ಹತ್ತೂ ಶಾಲೆಗಳ ಒಪ್ಪಿಗೆ ಮೊದಲೇ ಪಡೆಯಿರಿ. ಮೊದಲ ಸುತ್ತಿನ ಅಳತೆ ಮುಗಿಸಿ, ಗಾತ್ರ ಮತ್ತು ಊರು ನೋಡಿ ಐದು ಜೋಡಿ ಮಾಡಿ, ಎಲ್ಲರೆದುರು ಚೀಟಿ ಎತ್ತಿ. ಉಳಿದ ಐದಕ್ಕೆ ಮುಂದಿನ ವರ್ಷ ಕಾರ್ಯಕ್ರಮ ಎಂದು ಬರೆದುಕೊಡಿ, ಯಾರಿಗೂ ಬೇಸರವಾಗುವುದಿಲ್ಲ. ಆಗಲೂ ಒಂದು ಮಿತಿ ಉಳಿಯುತ್ತದೆ. ಐದು ಜೋಡಿಯಲ್ಲಿ ಚೀಟಿ ಬೀಳಬಹುದಾದ ರೀತಿ 32. ಐದಕ್ಕೆ ಐದೂ ನಿಮ್ಮ ಪರವಾಗಿ ಬಂದರೂ ಜೋಡಿಗಳ ಚೀಟಿ ಲೆಕ್ಕದಲ್ಲಿ ಪಿ ಮೌಲ್ಯ (ಫಲವೇ ಇಲ್ಲದಿದ್ದರೂ ಬರಿ ಆಕಸ್ಮಿಕವಾಗಿ ಇಂಥ ವ್ಯತ್ಯಾಸ ಬರುವ ಸಂಭವ) 2/32, ಅಂದರೆ 0.0625. ರೂಢಿಯ 0.05ರ ಗೆರೆ ದಾಟಲು ಸಾಧ್ಯವೇ ಇಲ್ಲ.

ಆದ್ದರಿಂದ ಈ ವರ್ಷ ಫಲ ಸಾಬೀತು ಮಾಡುವ ಹಟ ಬಿಡಿ. ನಡೆಸಲು ಸಾಧ್ಯವೇ ಎಂದು ನೋಡುವ ಅಧ್ಯಯನ ಮಾಡಿ. ಎಷ್ಟು ಪಾಠ ನಡೆದವು, ಹಾಜರಿ ಎಷ್ಟು, ಚಟುವಟಿಕೆ ನಿಜವಾಗಿ ಆಯಿತೇ, ಎಷ್ಟು ಮಕ್ಕಳು ಕೊನೆಯ ಸುತ್ತಿಗೆ ಸಿಕ್ಕರು, ಶಾಲೆಯೊಳಗಿನ ಸಾಮ್ಯ ನಿಮ್ಮ ಜಿಲ್ಲೆಯಲ್ಲಿ ಎಷ್ಟು. ದೊಡ್ಡ ಅಧ್ಯಯನಕ್ಕೆ ಬೇಕಾದ ಅಂಕಿಗಳು ಇವೇ.

ಮೂರನೇ ಬೆಲ್:

ಸಂಖ್ಯೆಯ ಮಾತು ಸರಿ. ತರಗತಿಯೊಳಗೆ ಕೆಡುವುದು ಎಲ್ಲಿ ಎಂದು ಹೇಳುತ್ತೇನೆ.

ಮೊದಲನೆಯದು ಪೀರಿಯಡ್ ಕೈತಪ್ಪುವುದು. ಜುಲೈಯಿಂದ ದಸರಾ ರಜೆವರೆಗೆ ಪ್ರತಿಭಾ ಕಾರಂಜಿ, ತಾಲೂಕು ಕ್ರೀಡಾಕೂಟ, ಎಫ್‌ಎ ಎಂಬ ಕಿರು ಪರೀಕ್ಷೆಗಳು, ಆಮೇಲೆ ಅರ್ಧವಾರ್ಷಿಕ ಪರೀಕ್ಷೆ ಎಸ್‌ಎ1. 16 ಪಾಠ ಬರೆದಿಟ್ಟರೆ 12 ನಡೆದರೆ ಹೆಚ್ಚು. ಹಾಗಾಗಿ ಮುಖ್ಯ ಕೌಶಲಗಳನ್ನು ಮೊದಲ ಹತ್ತರಲ್ಲೇ ಮುಗಿಸಿ, ಉಳಿದವನ್ನು ಅಭ್ಯಾಸಕ್ಕೆ ಬಿಡಿ. ವೇಳಾಪಟ್ಟಿಯಲ್ಲಿ ಕೊನೆಯ ಪೀರಿಯಡ್ ಕೊಟ್ಟರೆ ತೆಗೆದುಕೊಳ್ಳಬೇಡಿ, ಬಸ್ಸಿನ ಮಕ್ಕಳು ಅಷ್ಟೊತ್ತಿಗೆ ಹೊರಟಿರುತ್ತಾರೆ. ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರು, ಒಬ್ಬ ಶಿಕ್ಷಕಿ, ಇಬ್ಬರಿಗೂ ತರಬೇತಿ ಕೊಡಿ. ಒಬ್ಬರಿಗೆ ವರ್ಗಾವಣೆಯಾದರೂ ಕೆಲಸ ನಿಲ್ಲಬಾರದು. ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲೂ (2020) ಹೀಗೇ ಇಬ್ಬರನ್ನು ಗುರುತಿಸುವ ಕ್ರಮವಿದೆ, ಅವರೇ ಸಿಕ್ಕರೆ ಒಳ್ಳೆಯದು.

ಎರಡನೆಯದು, ಇದೇ ಹೆಚ್ಚು ಕೆಡಿಸುವುದು: ಪಾಠ ನೀತಿಬೋಧೆಯಾಗಿಬಿಡುವುದು. ‘ಸಿಟ್ಟು ಮಾಡಬಾರದು’ ಎಂದು ಬೋರ್ಡಿನ ಮೇಲೆ ಬರೆದು, ಮಕ್ಕಳು ಕಾಪಿ ಮಾಡಿಕೊಂಡರೆ ಕಲಿತದ್ದು ಏನೂ ಇಲ್ಲ. 40 ನಿಮಿಷವನ್ನು ಹೀಗೆ ಹಂಚಿ: 5 ನಿಮಿಷ ಹೋದ ವಾರದ ಅಭ್ಯಾಸ ಕೇಳಲು, 8 ನಿಮಿಷ ಒಂದು ಸನ್ನಿವೇಶ ಹೇಳಿ ಶಿಕ್ಷಕರೇ ಮಾಡಿ ತೋರಿಸಲು, 17 ನಿಮಿಷ ಐದಾರು ಮಕ್ಕಳ ಗುಂಪಿನಲ್ಲಿ ಅಭಿನಯಕ್ಕೆ, 10 ನಿಮಿಷ ಚರ್ಚೆ ಮತ್ತು ಮುಂದಿನ ವಾರದ ಅಭ್ಯಾಸಕ್ಕೆ. ಒಂದು ಸೆಕ್ಷನ್ನಿನಲ್ಲಿ ಎಂಟು ಗುಂಪಾದರೆ ಎಲ್ಲರೂ ಮುಂದೆ ಬಂದು ಆಡುವಷ್ಟು ಹೊತ್ತಿಲ್ಲ, ಗುಂಪುಗಳು ಕೂತಲ್ಲೇ ಏಕಕಾಲಕ್ಕೆ ಆಡಲಿ, ಎರಡು ಮಾತ್ರ ಮುಂದೆ ಬರಲಿ. ಗದ್ದಲ ಆಗುತ್ತದೆ, ಅದನ್ನು ಹೆಡ್‌ಮಾಸ್ಟರಿಗೆ ಮೊದಲೇ ತಿಳಿಸಿಡಿ.

ತರಬೇತಿ ಎಂದರೆ ಎರಡು ದಿನ ಭಾಷಣ ಕೇಳಿ ಪ್ರಮಾಣಪತ್ರ ಪಡೆಯುವುದಲ್ಲ. ಪ್ರತಿ ಶಿಕ್ಷಕರೂ ಅಲ್ಲೇ ಒಂದು ಪಾಠ ನಡೆಸಿ ತೋರಿಸಬೇಕು. ಆಮೇಲೆ ತಿಂಗಳಿಗೊಮ್ಮೆ ಯಾರಾದರೂ ಹೋಗಿ ತರಗತಿ ನೋಡಿ, ಒಂದು ಪುಟದ ಪಟ್ಟಿ ತುಂಬಲಿ: ಮಕ್ಕಳು ಮಾತಾಡಿದ ಹೊತ್ತು ಎಷ್ಟು, ಅಭಿನಯ ಆಯಿತೇ, ಅಭ್ಯಾಸ ಕೊಟ್ಟರೇ. ಶಿಕ್ಷಕರು ತಾವೇ ತುಂಬಿದ ಪಟ್ಟಿಯಲ್ಲಿ ಎಲ್ಲವೂ ನೂರಕ್ಕೆ ನೂರು ಆಗಿರುತ್ತದೆ. ಬರೆದಿಟ್ಟಂತೆಯೇ ನಡೆಸುವ ಪೂರ್ತಿ ಪಾಲನೆ ಎಲ್ಲೂ ಆಗುವುದಿಲ್ಲ. ಡರ್ಲಾಕ್ ಮತ್ತು ಡ್ಯುಪ್ರೆ 2008ರಲ್ಲಿ ತೋರಿಸಿದಂತೆ 60 ಶೇಕಡಾ ಆಸುಪಾಸಿನ ಪಾಲನೆಯಲ್ಲೇ ಒಳ್ಳೆಯ ಫಲ ಬಂದಿದೆ, 80 ದಾಟಿದವರು ವಿರಳ. ಕಡಿಮೆಯಾದರೆ ಶಿಕ್ಷಕರನ್ನು ಗದರಬೇಡಿ, ಏಕೆ ಆಗಲಿಲ್ಲ ಎಂದು ಕೇಳಿ.

ಹಸಿರುಹಲಗೆ:

ತುಂಬ ಉಪಕಾರವಾಯಿತು. ಚೀಟಿ ಎತ್ತುವುದು, ಎರಡನೇ ವರ್ಷ ಉಳಿದ ಐದಕ್ಕೆ ಕೊಡುವುದು, ಇವಕ್ಕೆ ಒಪ್ಪಿಕೊಂಡೆವು. ಪ್ರಶ್ನಾವಳಿ ಯಾವುದು, ತುಂಬಿಸುವಾಗ ಏನು ಎಚ್ಚರ? ಖಿನ್ನತೆಗೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಸೇರಿಸಬೇಕೆಂದಿದ್ದೇವೆ.

ಗುಣಾಕಾರ:

ಮಕ್ಕಳ ಭಾವನೆ, ನಡವಳಿಕೆ ಅಳೆಯುವ 25 ಪ್ರಶ್ನೆಗಳ ಎಸ್‌ಡಿಕ್ಯೂ ಸಾಕು, ಪ್ರಕಟವಾದ ಕನ್ನಡ ಆವೃತ್ತಿಯನ್ನೇ ಬಳಸಿ, ಪದ ಬದಲಿಸಬೇಡಿ. ತೊಂದರೆಗಳ ಒಟ್ಟು ಅಂಕಕ್ಕೆ ಸೇರುವುದು 20 ಪ್ರಶ್ನೆ, 0ರಿಂದ 40. ಇತರರಿಗೆ ನೆರವಾಗುವ ಗುಣದ ಐದು ಪ್ರಶ್ನೆ ಅದರಲ್ಲಿ ಸೇರುವುದಿಲ್ಲ. 7, 11, 14, 21, 25 ಇವುಗಳ ಅಂಕ ತಿರುವು ಹಾಕಬೇಕು (0 ಇದ್ದರೆ 2, 2 ಇದ್ದರೆ 0). ಡೇಟಾ ಎಂಟ್ರಿಯಲ್ಲಿ ಇದನ್ನು ಮರೆತರೆ ಇಡೀ ಫಲಿತಾಂಶ ಹಾಳು. ಪ್ರಶ್ನೆಗಳನ್ನು ಹೊರಗಿನವರು ಒಂದೊಂದಾಗಿ ಗಟ್ಟಿಯಾಗಿ ಓದಲಿ, ಕ್ಲಾಸ್ ಟೀಚರ್ ಕೋಣೆಯಲ್ಲಿ ಇರಬಾರದು. ಕೊನೆಯ ಸುತ್ತನ್ನು ಮಾರ್ಚ್‌ಗೆ ಇಟ್ಟರೆ ಗುಳೆ ಹೋದ ಕುಟುಂಬಗಳ ಮಕ್ಕಳು ಸಿಗುವುದಿಲ್ಲ, ಮತ್ತು ಕಷ್ಟದಲ್ಲಿರುವ ಮಕ್ಕಳೇ ಅವರು. ನವೆಂಬರ್‌ನಲ್ಲೇ ಒಂದು ಸುತ್ತು ಮಾಡಿಕೊಳ್ಳಿ. ಇನ್ನೊಂದು: ತಮ್ಮ ಭಾವನೆಗಳನ್ನು ಗಮನಿಸಲು ಕಲಿತ ಮಕ್ಕಳು ಎರಡನೇ ಸಲ ತಮ್ಮ ತೊಂದರೆಗಳನ್ನು ಮೊದಲಿಗಿಂತ ಹೆಚ್ಚೆಂದು ಗುರುತಿಸುವುದುಂಟು. ಅದಕ್ಕೇ ಮಕ್ಕಳ ಉತ್ತರವೊಂದನ್ನೇ ನಂಬದೆ ಹಾಜರಿ ಪುಸ್ತಕವನ್ನೂ ಜೊತೆಗಿಡಿ.

ತುಂಗಭದ್ರೆ:

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯದು. ಅದನ್ನು ಕೇಳಿ ಹಾಳೆಯನ್ನು ಬೀರುವಿನಲ್ಲಿಡುವ ಹಾಗಿಲ್ಲ. ಹೆಸರಿನ ಬದಲು ಕೋಡ್ ಸಂಖ್ಯೆ ಬಳಸಿ, ಹೆಸರಿನ ಪಟ್ಟಿ ಒಬ್ಬರ ಬಳಿ ಬೀಗ ಹಾಕಿರಲಿ, ಅಂದು ಸಂಜೆಯೊಳಗೆ ಆ ಉತ್ತರಗಳನ್ನು ನೋಡಿ, ‘ಹೌದು’ ಎಂದ ಮಗುವಿನೊಂದಿಗೆ ತರಬೇತಾದವರು ಮಾತಾಡಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಮೊದಲೇ ತಿಳಿಸಿಡಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಮತ್ತು ಮಕ್ಕಳ ಸಹಾಯವಾಣಿ 1098 ಹಾಳೆಯ ಕೆಳಗೆ ಅಚ್ಚಾಗಿರಲಿ. ಇಷ್ಟು ವ್ಯವಸ್ಥೆ ಆಗದಿದ್ದರೆ ಆ ಪ್ರಶ್ನಾವಳಿಯನ್ನೇ ಕೈಬಿಡಿ.

‘ನೀವು ಹೇಳಿದ್ದು ಯಾರಿಗೂ ಹೇಳುವುದಿಲ್ಲ’ ಎಂದು ಮಕ್ಕಳಿಗೆ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಎಥಿಕ್ಸ್ ಸಮಿತಿಯ ಅನುಮತಿ, ಪೋಷಕರ ಒಪ್ಪಿಗೆ, 12 ದಾಟಿದ ಮಕ್ಕಳಿಂದ ಲಿಖಿತ ಸಮ್ಮತಿ, ಇವು ಮೊದಲ ಸುತ್ತಿಗೂ ಮುಂಚೆ ಕೈಯಲ್ಲಿರಲಿ. ಪೋಷಕರ ಪತ್ರವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಓದಿ ಹೇಳಿದರೆ ಓದು ಬಾರದವರಿಗೂ ವಿಷಯ ಮುಟ್ಟುತ್ತದೆ.