ಕ್ರಿಸ್‌ಮಸ್ ಸಂಜೆಗೆ ಯಾವ ಹಾಡು ಹಾಕೋದು?

ಪ್ರಶ್ನೆ: ಹೊರಮಾವು ಕಡೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ 24ರ ಸಂಜೆ ಎಲ್ಲರೂ ಸೇರುತ್ತಿದ್ದೇವೆ. ಅಜ್ಜಿಯರಿಂದ ಹಿಡಿದು ಸಣ್ಣ ಮಕ್ಕಳವರೆಗೂ ಇರುತ್ತಾರೆ, ಎಲ್ಲರೂ ಕ್ರೈಸ್ತರೇನಲ್ಲ. ಹಾಡಿನ ಜವಾಬ್ದಾರಿ ನನ್ನದು. ಆ್ಯಪ್‌ನಲ್ಲಿರುವ ರೆಡಿ ಪ್ಲೇಲಿಸ್ಟ್ ಸಾಕಾ, ನಾನೇ ಮಾಡಬೇಕಾ? ಅನುಭವ ಇದ್ದವರು ಹೇಳಿ.

ಕಾಕ್ಸ್ ಟೌನ್‌ನಿಂದ: ನೀವೇ ಮಾಡಿ ಮೇಡಂ. ರೆಡಿ ಪ್ಲೇಲಿಸ್ಟ್‌ನಲ್ಲಿ ಒಂದೇ ಹಾಡು ಬೇರೆ ಬೇರೆ ಗಾಯಕರ ದನಿಯಲ್ಲಿ ಮತ್ತೆ ಮತ್ತೆ ಬರುತ್ತದೆ, ಜೊತೆಗೆ ಹಾಡಲು ಹೊರಟವರು ಯಾವ ಧಾಟಿ ಹಿಡಿಯೋದು ಅಂತ ತಿಳಿಯದೆ ಸುಮ್ಮನಾಗಿಬಿಡುತ್ತಾರೆ. ಒಂದು ಹಾಡಿಗೆ ಒಂದೇ ದನಿ ಇರಲಿ, ಅದೂ ಜನರ ಕಿವಿಯಲ್ಲಿ ಮೊದಲೇ ಕೂತಿರುವ ದನಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಅದು ಗಾಯಕ ಜಿಮ್ ರೀವ್ಸ್ ಮತ್ತು ಬೋನಿ ಎಂ ತಂಡ. ರೀವ್ಸ್ ಅವರ ಕ್ರಿಸ್‌ಮಸ್ ಆಲ್ಬಂ 1963ರದ್ದು, ಬೋನಿ ಎಂ ಹಾಡಿದ ಮೇರೀಸ್ ಬಾಯ್ ಚೈಲ್ಡ್ 1978ರದ್ದು. ಶುರುವಾದರೆ ಸಾಕು, ಅಜ್ಜಿಯರೂ ದನಿಗೂಡಿಸುತ್ತಾರೆ.

ಹುಡುಗರು ಹೊಸದು ಕೇಳುತ್ತಾರೆ ಅನ್ನೋ ಭಯ ಬೇಡ. ಅವರು ಕೇಳೋದೂ ಹಳೆಯದನ್ನೇ! ಗಾಯಕಿ ಮರಾಯಾ ಕ್ಯಾರಿಯ ಆಲ್ ಐ ವಾಂಟ್ ಫಾರ್ ಕ್ರಿಸ್‌ಮಸ್ ಈಸ್ ಯೂ 1994ರದ್ದು, ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು 2019ರಲ್ಲಿ. ವ್ಯಾಮ್ ತಂಡದ ಲಾಸ್ಟ್ ಕ್ರಿಸ್‌ಮಸ್ 1984ರದ್ದು, ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಸಿಕ್ಕಿದ್ದು 2021ರ ಜನವರಿಯಲ್ಲಿ. ಆ್ಯಪ್‌ಗಳಲ್ಲಿ ಕೇಳುವುದೂ (ಸ್ಟ್ರೀಮಿಂಗ್) ಈ ಪಟ್ಟಿಗಳ ಲೆಕ್ಕಕ್ಕೆ ಬಂದ ಮೇಲೆ ಹಳೇ ಹಾಡುಗಳು ಪ್ರತಿ ಡಿಸೆಂಬರ್‌ನಲ್ಲಿ ಮೇಲೇರುತ್ತಿವೆ. ಇವನ್ನು ಊಟದ ಹೊತ್ತಿಗೆ ಇಟ್ಟುಕೊಳ್ಳಿ.

ಲಿಂಗರಾಜಪುರದಿಂದ: ನಾನು ಚರ್ಚ್ ಕ್ವಾಯರ್‌ನಲ್ಲಿ (ಗಾಯನ ತಂಡದಲ್ಲಿ) ಹಾಡುತ್ತೇನೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಸಂಜೆಯಿಡೀ ಸ್ಪೀಕರ್ ಓಡಿಸಬೇಡಿ. ಸೈಲೆಂಟ್ ನೈಟ್ ಹುಟ್ಟಿದ್ದೇ ಸರಳವಾಗಿ, 1818ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಅದನ್ನು ಮೊದಲು ಹಾಡಿದಾಗ ಜೊತೆಗಿದ್ದದ್ದು ಒಂದು ಗಿಟಾರ್. ನಿಮ್ಮಲ್ಲಿ ಗಿಟಾರ್ ನುಡಿಸುವ ಹುಡುಗ ಹುಡುಗಿ ಇದ್ದೇ ಇರುತ್ತಾರೆ ಅಲ್ವಾ, ಇದೊಂದನ್ನು ಅವರ ಕೈಗೆ ಕೊಡಿ. ಕನ್ನಡ ಕ್ಯಾರಲ್‌ಗಳನ್ನೂ (ಕ್ರಿಸ್‌ಮಸ್ ಭಕ್ತಿಗೀತೆಗಳನ್ನೂ) ಬಿಡಬೇಡಿ. ಕನ್ನಡ ಆರಾಧನೆಗೆ ಹೋಗುವ ಮನೆಯವರನ್ನು ಕೇಳಿ, ಸಾಲುಗಳನ್ನು ಮೊದಲೇ ವಾಟ್ಸಾಪ್ ಗ್ರೂಪಿಗೆ ಹಾಕಿ. ಎಲ್ಲರೂ ಹಾಡಬಹುದು.

ಮಕ್ಕಳಿಗೆ ಜಿಂಗಲ್ ಬೆಲ್ಸ್‌ನಿಂದಲೇ ಶುರು ಮಾಡಿ. 1857ರ ಆ ಹಾಡಿನಲ್ಲಿ ಕ್ರಿಸ್‌ಮಸ್ ಅನ್ನೋ ಮಾತೇ ಇಲ್ಲ, ಪೂರ್ತಿ ಹಿಮದ ಮೇಲೆ ಜಾರುವ ಕುದುರೆಗಾಡಿಯ ಸಂಭ್ರಮ.

ಕಾಕ್ಸ್ ಟೌನ್‌ನಿಂದ ಮತ್ತೆ: ಗಿಟಾರ್ ಮಾತು ಒಪ್ಪಿದೆ. ಫೋನಿನ ಬಗ್ಗೆ ಹೇಳೋದು ಮರೆಯಬಾರದು. ಹಾಡಿನ ಆ್ಯಪ್‌ಗೆ ಹಣ ಕಟ್ಟಿ ಪ್ರೀಮಿಯಂ ಪಡೆದವರ ಫೋನಿನಲ್ಲಿ ಪಟ್ಟಿ ಮಾಡಿ, ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿ. ಇಲ್ಲದಿದ್ದರೆ ನಡುವೆ ಜಾಹೀರಾತು ಬರುತ್ತದೆ. ಏರೋಪ್ಲೇನ್ ಮೋಡ್ ಹಾಕಿ ಬ್ಲೂಟೂತ್ ಮಾತ್ರ ಆನ್ ಇಡಿ, ಕರೆ ಬಂದು ಹಾಡು ನಿಲ್ಲುವುದಿಲ್ಲ. ಸ್ಪಾಟಿಫೈ ಆದರೆ ಆ ಪ್ಲೇಲಿಸ್ಟನ್ನು ಟೇಸ್ಟ್ ಪ್ರೊಫೈಲ್‌ನಿಂದ (ನಿಮ್ಮ ಅಭಿರುಚಿಯ ಲೆಕ್ಕದಿಂದ) ಹೊರಗಿಡುವ ಆಯ್ಕೆ ಇದೆ, ಒತ್ತಿಬಿಡಿ. ಜನವರಿಯಲ್ಲೂ ಕ್ರಿಸ್‌ಮಸ್ ಹಾಡುಗಳನ್ನೇ ಸೂಚಿಸೋದು ತಪ್ಪುತ್ತದೆ.

ಲಿಂಗರಾಜಪುರದಿಂದ: ಹೊರಗಡೆ ಸ್ಪೀಕರ್ ಹಾಕಿದರೆ ರಾತ್ರಿ 10ಕ್ಕೆ ನಿಲ್ಲಿಸಲೇಬೇಕು, ಕಾನೂನೇ ಹಾಗಿದೆ. ಅದಕ್ಕಿಂತ ಮುಂಚೆಯೇ ಕೆಲವರು ಚರ್ಚಿನ ಬಲಿಪೂಜೆಗೆ (ಮಾಸ್ ಪ್ರಾರ್ಥನೆಗೆ) ಹೊರಡುತ್ತಾರೆ. ಅವರು ಇರುವಾಗಲೇ ಕ್ಯಾರಲ್ ಮುಗಿಸಿ, ಕುಣಿಯುವ ಹಾಡು ಆಮೇಲೆ.