ಅಪ್‌ಡೇಟ್: ಭಾಷಣ ಸ್ಪರ್ಧೆಯಲ್ಲಿ ಸೋತ ಮೇಲೆ

ಭಾಷಣ ಸ್ಪರ್ಧೆಯ ಫೈನಲ್‌ನಲ್ಲಿ ಏನೂ ಬಹುಮಾನ ಬರಲಿಲ್ಲ, ಇನ್ನು ಮೈಕ್ ಸಹವಾಸವೇ ಬೇಡ ಅನಿಸುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ನಿಮ್ಮ ಭಾಷಣದ ವಿಡಿಯೋ ನೋಡಿ ಅಂದವರೇ ಜಾಸ್ತಿ. ಮೊದಲು ಧೈರ್ಯ ಬರಲಿಲ್ಲ. ಸೌಂಡ್ ಆಫ್ ಮಾಡಿ ನೋಡಿ ಅಂತ ಒಬ್ಬರು ಹೇಳಿದ್ದು ಕೆಲಸಕ್ಕೆ ಬಂತು. ನಡುವೆ ಮಾತು ಮರೆತು ನಿಂತಿದ್ದೆನಲ್ಲ, ಅವತ್ತು ಅದು ಮುಗಿಯುವುದೇ ಇಲ್ಲ ಅನಿಸಿತ್ತು. ವಿಡಿಯೋದಲ್ಲಿ ಬೇಕಂತಲೇ ನಿಲ್ಲಿಸಿದ ಹಾಗೆ ಕಾಣುತ್ತದೆ! ಸುಮ್ನೆ ಅದಕ್ಕೇ ಅಷ್ಟು ದಿನ ಕೊರಗಿದ್ದು.

ತೀರ್ಪುಗಾರರೊಬ್ಬರನ್ನೂ ಮಾತಾಡಿಸಿದೆ. 'ಯಾಕೆ ಸೋತೆ' ಅಂತ ಕೇಳಲಿಲ್ಲ, ಹಾಗೆ ಕೇಳಿದರೆ ಯಾರಾದರೂ ಸಮಾಧಾನವೇ ಹೇಳುತ್ತಾರೆ ಅಲ್ವಾ? 'ನನ್ನ ಭಾಷಣದಲ್ಲಿ ನಿಮಗೆ ಈಗಲೂ ನೆನಪಿರುವುದು ಯಾವುದು ಸರ್' ಅಂದೆ. ಅಜ್ಜಿ ಕನ್ನಡಕ ಹುಡುಕುವ ಪ್ರಸಂಗವನ್ನು ಪೂರ್ತಿ ಹೇಳಿದರು. ಮುಕ್ತಾಯ ಮಾತ್ರ ಎಷ್ಟು ಯೋಚಿಸಿದರೂ ಅವರಿಗೆ ನೆನಪಾಗಲಿಲ್ಲ.

ತೀರ್ಪನ್ನು ಪ್ರಶ್ನಿಸಿ ಅಂದವರಿಗೆ: ಇಲ್ಲ, ಬಿಟ್ಟೆ. ಗೆದ್ದ ಹುಡುಗಿ ನಿಜಕ್ಕೂ ಚೆನ್ನಾಗಿ ಮಾತಾಡಿದ್ದಳು. ಹೊಟ್ಟೆ ಉರಿದದ್ದು ಬೇರೆ ಮಾತು.

ಈಗ ಟೋಸ್ಟ್‌ಮಾಸ್ಟರ್ಸ್ (ಭಾಷಣ ಅಭ್ಯಾಸ ಮಾಡುವವರ ಕ್ಲಬ್‌ಗಳ ಸಂಸ್ಥೆ) ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ. ಅಲ್ಲಿ ಭಾಷಣಕ್ಕೆ 5ರಿಂದ 7 ನಿಮಿಷ. ಆಚೆಗೊಂದು ಈಚೆಗೊಂದು 30 ಸೆಕೆಂಡ್ ರಿಯಾಯಿತಿ, ಅದನ್ನೂ ಮೀರಿದರೆ ಅನರ್ಹ. ಅಜ್ಜಿ ಪ್ರಸಂಗ ಹಾಗೇ ಇದೆ, ಮುಕ್ತಾಯ ಹೊಸದು. ಗಡಿಯಾರ ನೋಡುವ ಕೆಲಸ ತಂಗಿಗೆ ವಹಿಸಿದ್ದೇನೆ, ಪಾಪ ಅವಳಿಗೂ ಭಾಷಣ ಬಾಯಿಪಾಠ ಆಗಿದೆ.